ಎರಡು ಬಗೆಯ 'ನಾವು': ವಲಸೆಯ ಹಿನ್ನೆಲೆಯ ರಾಜಕಾರಣಿಗಳ ಮಾತನ್ನು ಓದುವ ಬಗೆ

ಸರ್ವನಾಮಗಳ ಪಾಠವನ್ನು ವ್ಯಾಕರಣದ ಆರಂಭದಲ್ಲಿಯೇ ಓದಿ ಮುಗಿಸುವುದು ರೂಢಿ. ಉತ್ತಮ ಪುರುಷ, ಮಧ್ಯಮ ಪುರುಷ, ಪ್ರಥಮ ಪುರುಷ ಎಂಬ ವಿಭಾಗ, ಏಕವಚನ ಬಹುವಚನಗಳ ರೂಪ, ಒಂದೆರಡು ಉದಾಹರಣೆ. ಪರೀಕ್ಷೆಯ ದೃಷ್ಟಿಯಿಂದ ವಿಷಯ ಅಲ್ಲಿಗೆ ಮುಗಿಯುತ್ತದೆ. ಆದರೆ ಸಾರ್ವಜನಿಕ ಜೀವನದಲ್ಲಿ 'ನಾವು' ಎಂಬ ಒಂದೇ ಸರ್ವನಾಮ ಹೊರುವ ಭಾರ ಬಹಳ ದೊಡ್ಡದು. ಹುಟ್ಟಿದ ಊರು ಒಂದು, ಮತ ಕೇಳುವ ಊರು ಇನ್ನೊಂದು ಆಗಿರುವ ರಾಜಕಾರಣಿ ವೇದಿಕೆಯ ಮೇಲೆ ನಿಂತು 'ನಾವು' ಎಂದಾಗ ಕೇಳುವವರ ಮನಸ್ಸಿನಲ್ಲಿ ಏಳುವ ಮೊದಲ ಪ್ರಶ್ನೆ, ಈ 'ನಾವು' ಎಂಬುದರಲ್ಲಿ ನಮಗೂ ಸ್ಥಳವಿದೆಯೇ ಎಂಬುದು. ಪ್ರಸ್ತುತ ಲೇಖನದಲ್ಲಿ ಈ ಪ್ರಶ್ನೆಯನ್ನೇ ದೀಪವಾಗಿ ಹಿಡಿದುಕೊಂಡು, ಕನ್ನಡ ನಾಡಿನೊಡನೆ ಸಂಬಂಧವುಳ್ಳ ಕೆಲವು ರಾಜಕೀಯ ವ್ಯಕ್ತಿಗಳ ಬದುಕನ್ನು ಪರಿಶೀಲಿಸಲಾಗಿದೆ.

ಮರಾಠಿ ಕಲಿಸಿದ ಭೇದ

ನಮ್ಮ ವಿಭಾಗದ ವಿದ್ಯಾರ್ಥಿಗಳಿಗೆ ಬೆಂಗಳೂರು, ಮೈಸೂರುಗಳ ವಿದ್ಯಾರ್ಥಿಗಳಿಗಿಲ್ಲದ ಒಂದು ಅನುಕೂಲವಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡಿ ಬೆಳೆದ ನಮಗೆ 'ನಾವು' ಎಂಬ ಒಂದೇ ಕನ್ನಡ ಶಬ್ದಕ್ಕೆ ಮರಾಠಿಯಲ್ಲಿ ಎರಡು ಶಬ್ದಗಳಿವೆಯೆಂಬುದು ಯಾರೂ ಹೇಳಿಕೊಡದೆ ಗೊತ್ತಿದೆ. 'ಆಮ್ಹೀ' ಎಂದರೆ ಕೇಳುವವನನ್ನು ಹೊರಗಿಟ್ಟ ನಾವು. 'ಆಪಣ' ಎಂದರೆ ಕೇಳುವವನನ್ನೂ ಒಳಗೊಂಡ ನಾವು. ಮನೆಗೆ ಬಂದ ಅತಿಥಿಯ ಎದುರು 'ಆಮ್ಹೀ ಜೇವಾಯಲಾ ಜಾತೋ' ಎಂದರೆ ಅವರನ್ನು ಕೂಡ್ರಿಸಿ ಮನೆಯವರು ಮಾತ್ರ ಊಟಕ್ಕೆ ಏಳುತ್ತಾರೆಂದು ಅರ್ಥ. 'ಆಪಣ ಜೇವಾಯಲಾ ಜಾಊ' ಎಂದರೆ ಅತಿಥಿಗೂ ಎಲೆ ಹಾಕಿದೆ.

ಈ ಭೇದ ದ್ರಾವಿಡ ಭಾಷೆಗಳಿಗೆ ಹೊಸದಲ್ಲ. ತಮಿಳಿನ 'ನಾಂಗಳ್' ಮತ್ತು 'ನಾಮ್', ತೆಲುಗಿನ 'ಮೇಮು' ಮತ್ತು 'ಮನಂ', ತುಳುವಿನ 'ಎಂಕುಲು' ಮತ್ತು 'ನಮ' ಇದೇ ಕೆಲಸ ಮಾಡುತ್ತವೆ. ಮರಾಠಿಯಲ್ಲಿ ಇದು ದ್ರಾವಿಡ ಸಂಪರ್ಕದಿಂದ ಬಂದದ್ದೆಂಬುದು ಭಾಷಾಶಾಸ್ತ್ರಜ್ಞರಲ್ಲಿ ಬಹುಮಟ್ಟಿಗೆ ಒಪ್ಪಿತವಾದ ವಿಚಾರ. ಇಂದಿನ ಕನ್ನಡದ ಸರ್ವನಾಮದಲ್ಲಿ ಮಾತ್ರ ಈ ಭೇದ ಉಳಿದಿಲ್ಲ. 'ಹೋಗುತ್ತೇವೆ' ಮತ್ತು 'ಹೋಗೋಣ' ಎಂಬ ಕ್ರಿಯಾಪದಗಳ ನಡುವೆ ಅದರ ನೆರಳನ್ನು ಕಾಣಬಹುದು. ಮರಾಠಿಯ 'ಆಪಣ' ಶಬ್ದಕ್ಕೆ ಇನ್ನೊಂದು ಉಪಯೋಗವೂ ಇದೆ. ನಮ್ಮ 'ತಾವು' ಎಂಬುದರಂತೆ ಗೌರವದಿಂದ ಎದುರಿನವರನ್ನು ಕರೆಯಲೂ ಅದೇ ಶಬ್ದ ಬರುತ್ತದೆ.

'ಗುರುತು' ಎಂಬ ಕನ್ನಡ ಶಬ್ದವನ್ನೂ ಇಲ್ಲಿಯೇ ಗಮನಿಸಬೇಕು. 'ಗುರುತಿನವರು' ಎಂದರೆ ಪರಿಚಯದವರು. ಮರಾಠಿಯ 'ಓಳಖ' ಶಬ್ದಕ್ಕೂ ಪರಿಚಯ, ಗುರುತು ಎಂಬ ಎರಡೂ ಅರ್ಥಗಳಿವೆ. ಒಬ್ಬನ ಗುರುತು ಅವನು ತಾನೇ ಹೇಳಿಕೊಂಡಷ್ಟಕ್ಕೆ ಸಿದ್ಧವಾಗುವುದಿಲ್ಲ, ಎದುರಿನವನು ಗುರುತಿಸಬೇಕು ಎಂಬ ತಿಳಿವಳಿಕೆ ಈ ಎರಡೂ ಭಾಷೆಗಳಲ್ಲಿ ಮೊದಲಿನಿಂದಲೂ ಇದೆ. ರಾಜಕಾರಣಿಯ ಪಾಡು ಇದೇ. ಅವನು ಆಡಿದ 'ನಾವು' ಎಂಬುದನ್ನು ಕೇಳುಗರು 'ಆಮ್ಹೀ' ಎಂದು ಕೇಳಿಸಿಕೊಂಡರೇ, 'ಆಪಣ' ಎಂದು ಕೇಳಿಸಿಕೊಂಡರೇ ಎಂಬುದರ ಮೇಲೆ ಅವನ ಭವಿಷ್ಯ ನಿಂತಿರುತ್ತದೆ.

ಚಿಕ್ಕೋಡಿಯಿಂದ ಡೆಟ್ರಾಯಿಟ್

ಮೊದಲ ಉದಾಹರಣೆ ನಮ್ಮ ನೆರೆಯದೇ. ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಮಿಶಿಗನ್ ರಾಜ್ಯದ 13ನೆಯ ಕ್ಷೇತ್ರವನ್ನು 2023ರ ಜನವರಿಯಿಂದ ಪ್ರತಿನಿಧಿಸುತ್ತಿರುವ ಶ್ರೀ ಠಾಣೇದಾರ ಹುಟ್ಟಿದ್ದು 1955ರಲ್ಲಿ ಚಿಕ್ಕೋಡಿಯಲ್ಲಿ, ಬೆಳೆದದ್ದು ಬೆಳಗಾವಿಯಲ್ಲಿ. ಮನೆಮಾತು ಮರಾಠಿ. ಅವರು ಹುಟ್ಟಿದಾಗ ಚಿಕ್ಕೋಡಿ ಮುಂಬಯಿ ರಾಜ್ಯದಲ್ಲಿತ್ತು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯವನ್ನು ಸೇರಿತು. ಮಗುವಿಗೆ ಎರಡು ವರ್ಷ ತುಂಬುವ ಮೊದಲೇ, ಮನೆಯ ಹೊಸ್ತಿಲು ದಾಟದೆಯೇ, ಅದರ ರಾಜ್ಯ ಬದಲಾಗಿತ್ತು. ಅಮೆರಿಕಕ್ಕೆ ಹೋದದ್ದು 1979ರಲ್ಲಿ. ಆಕ್ರನ್ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು, ಉದ್ಯಮಿಯಾಗಿ, 1988ರಲ್ಲಿ ಆ ದೇಶದ ಪೌರರಾದರು.

ಅವರು ತಮ್ಮ ಜೀವನಕಥೆಯನ್ನು ಮರಾಠಿಯಲ್ಲಿ ಪ್ರಕಟಿಸಿದ್ದಾರೆ: 'ಹೀ ಶ್ರೀಚೀ ಇಚ್ಛಾ'. ಭಾಷೆಯ ವಿದ್ಯಾರ್ಥಿಗಳಿಗೆ ಈ ಶೀರ್ಷಿಕೆ ಒಂದು ಪುಟ್ಟ ಪಾಠ. 'ಶ್ರೀ' ಎಂದರೆ ದೇವರು. 'ಶ್ರೀ' ಎಂದರೆ ಲೇಖಕರ ಹೆಸರೂ ಹೌದು. ದೇವರ ಇಚ್ಛೆ ಎಂದು ಓದಿದರೆ ವಿನಯ, ಶ್ರೀಯ ಇಚ್ಛೆ ಎಂದು ಓದಿದರೆ ಛಲ. ಈ ಶ್ಲೇಷೆ ಬೆಳಗಾವಿ, ಕೊಲ್ಹಾಪುರ, ಪುಣೆಯ ಓದುಗನಿಗೆ ಕೂಡಲೇ ಹೊಳೆಯುತ್ತದೆ. ಡೆಟ್ರಾಯಿಟ್ ನಗರದ ಮತದಾರನಿಗೆ ಅದು ಬರಿಯ ಒಂದು ಹೆಸರು. ಆತ್ಮಕಥೆಯ 'ನಾವು' ಬಿಟ್ಟುಬಂದ ನಾಡಿನವರನ್ನು ಒಳಗೊಂಡದ್ದು; ಚುನಾವಣಾ ಭಾಷಣದ 'ನಾವು' ಅದಕ್ಕಿಂತ ಬೇರೆಯಾಗಿರಲೇಬೇಕು.

ಅದು ಹೇಗೆ ಬೇರೆಯಾಯಿತು? 2018ರಲ್ಲಿ ಮಿಶಿಗನ್ ರಾಜ್ಯಪಾಲರ ಹುದ್ದೆಗೆ ಡೆಮಾಕ್ರಟಿಕ್ ಪಕ್ಷದ ಅಭ್ಯರ್ಥಿಯಾಗಲು ಸ್ಪರ್ಧಿಸಿ ಅವರು ಮೂರನೆಯ ಸ್ಥಾನ ಪಡೆದರು. ಅನಂತರ ಡೆಟ್ರಾಯಿಟ್ ನಗರಕ್ಕೆ ಬಂದು ನೆಲಸಿ, 2020ರಲ್ಲಿ ರಾಜ್ಯದ ಶಾಸನಸಭೆಗೆ, 2022ರಲ್ಲಿ ದೇಶದ ಸಂಸತ್ತಿಗೆ ಆಯ್ಕೆಯಾದರು. ಡೆಟ್ರಾಯಿಟ್ ನಿವಾಸಿಗಳಲ್ಲಿ ಮುಕ್ಕಾಲು ಪಾಲಿನಷ್ಟು ಜನ ಕಪ್ಪು ಸಮುದಾಯದವರು. ಭಾರತೀಯನೆಂಬ ಗುರುತಿನಿಂದ ಅಲ್ಲಿ ಮತ ಕೂಡುವಂತಿರಲಿಲ್ಲ. ಆದ್ದರಿಂದ ಪ್ರಚಾರದಲ್ಲಿ ಮುಂದೆ ಬಂದದ್ದು ಬಡತನ. ಬೆಳಗಾವಿಯ ಬಾಲ್ಯದ ಬಡತನ ಡೆಟ್ರಾಯಿಟ್‌ನ ಬಡತನದೊಡನೆ ಮಾತಾಡಬಲ್ಲದು ಎಂಬುದು ಆ ವಾದದ ಹುರುಳು. ಮರಾಠಿಯ ಮಾತಿನಲ್ಲಿ ಹೇಳುವುದಾದರೆ, 'ಆಪಣ' ಎನ್ನಲು ಅವರು ಹಿಡಿದ ದಾರಿ ಇದು.

ಮತಗಳು ಬಂದವು, ಆದರೆ ಪ್ರಶ್ನೆ ಮುಗಿಯಲಿಲ್ಲ. ಚಾರ್ಲ್ಸ್ ಡಿಗ್ಸ್ 1955ರ ಜನವರಿಯಲ್ಲಿ ಸಂಸತ್ತನ್ನು ಪ್ರವೇಶಿಸಿದ ಮೇಲೆ ಡೆಟ್ರಾಯಿಟ್ ನಗರಕ್ಕೆ ಸಂಸತ್ತಿನಲ್ಲಿ ಕಪ್ಪು ಸಮುದಾಯದ ಪ್ರತಿನಿಧಿ ಇಲ್ಲದ ಕಾಲವೇ ಇರಲಿಲ್ಲ. ಠಾಣೇದಾರರ ಗೆಲುವಿನೊಡನೆ ಆ ಪರಂಪರೆ ಸುಮಾರು ಏಳು ದಶಕಗಳ ಬಳಿಕ ಕಡಿಯಿತು. ಇದನ್ನು ನಷ್ಟವೆಂದು ಕಂಡ ನಾಗರಿಕರ ಅಳಲನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಹಾಕುವಂತಿಲ್ಲ. ದೀರ್ಘ ಹೋರಾಟದಿಂದ ದೊರೆತ ಒಂದು ಪೀಠ ಅವರ ಪಾಲಿಗೆ ಬರಿಯ ಪೀಠವಾಗಿರಲಿಲ್ಲ. ವಲಸಿಗನ ಯಶಸ್ಸಿನ ಕಥೆಯನ್ನು ತವರಿನಲ್ಲಿ ಕುಳಿತು ಓದುವ ನಾವು ಹೆಮ್ಮೆಪಡುವಾಗ ಈ ಇನ್ನೊಂದು ಮಗ್ಗುಲನ್ನು ಮರೆಯುವ ಸಂಭವ ಹೆಚ್ಚು. ನಮ್ಮ 'ನಾವು' ಅಲ್ಲಿ ಗೆದ್ದಾಗ ಇನ್ನೊಬ್ಬರ 'ನಾವು' ಏನನ್ನು ಕಳೆದುಕೊಂಡಿತು ಎಂದು ಕೇಳುವುದು ವಿಮರ್ಶಕನ ಕರ್ತವ್ಯ.

ಕನ್ನಡಕ್ಕೆ ಚಪ್ಪಾಳೆ, ಫ್ರೆಂಚ್ ಕುರಿತು ಪ್ರಶ್ನೆ

ಎರಡನೆಯ ಉದಾಹರಣೆ ಚಂದ್ರ ಆರ್ಯ ಅವರದು. ತುಮಕೂರು ಜಿಲ್ಲೆಯ ಸಿರಾ ತಾಲೂಕಿನ ದ್ವಾರಾಳು ಗ್ರಾಮದವರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ವ್ಯವಹಾರ ನಿರ್ವಹಣೆಯ ಪದವಿ ಪಡೆದವರು. 2006ರಲ್ಲಿ ಕೆನಡಾಕ್ಕೆ ಹೋದ ಅವರು 2015, 2019 ಮತ್ತು 2021ರಲ್ಲಿ ನೆಪಿಯನ್ ಕ್ಷೇತ್ರದಿಂದ ಲಿಬರಲ್ ಪಕ್ಷದ ಸದಸ್ಯರಾಗಿ ಅಲ್ಲಿಯ ಸಂಸತ್ತಿಗೆ ಆಯ್ಕೆಯಾದರು. 2022ರ ಮೇ ತಿಂಗಳಲ್ಲಿ ಅವರು ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದರು. ಕುವೆಂಪು ರಚಿಸಿ, ಡಾ. ರಾಜಕುಮಾರ್ ಹಾಡಿ ಮನೆಮಾತಾದ ಗೀತೆಯೊಂದರ ಸಾಲಿನಿಂದ ಮಾತು ಮುಗಿಸಿದರು. ಆ ಕಿರುಭಾಷಣದ ದೃಶ್ಯ ಕರ್ನಾಟಕದಾದ್ಯಂತ ಹರಡಿತು. ನಮ್ಮ ತರಗತಿಗಳಲ್ಲಿಯೂ ಅದನ್ನು ನೋಡದವರು ವಿರಳ.

ಆ ಭಾಷಣದ ಕೇಳುಗರು ಯಾರು? ಸಭೆಯಲ್ಲಿದ್ದವರಲ್ಲಿ ಕನ್ನಡ ಬಲ್ಲವರು ಇಲ್ಲವೆನ್ನುವಷ್ಟು ಕಡಿಮೆ. ಮಾತಿನ ನಿಜವಾದ ಗುರಿ ಸಭೆಯ ಹೊರಗಿದ್ದ ಕನ್ನಡಿಗರು. ಸಭೆ ಅದನ್ನು ಸಂತೋಷದಿಂದ ಕೇಳಿಕೊಂಡಿತು, ಏಕೆಂದರೆ ಅದರಿಂದ ಯಾರಿಗೂ ನಷ್ಟವಿರಲಿಲ್ಲ. ಹಬ್ಬದ ದಿನ ಅತಿಥಿಯೊಬ್ಬ ತನ್ನ ಊರಿನ ಹಾಡನ್ನು ಹಾಡಿದಂತೆ ಅದು.

2025ರ ಜನವರಿಯಲ್ಲಿ ಇದೇ ಚಂದ್ರ ಆರ್ಯ ಲಿಬರಲ್ ಪಕ್ಷದ ನಾಯಕತ್ವಕ್ಕೆ, ಅಂದರೆ ದೇಶದ ಪ್ರಧಾನಿಯ ಸ್ಥಾನಕ್ಕೆ, ಸ್ಪರ್ಧಿಸುವುದಾಗಿ ಘೋಷಿಸಿದರು. ಆಗ ಬಂದ ಪ್ರಶ್ನೆ: ತಮಗೆ ಫ್ರೆಂಚ್ ಬರುತ್ತದೆಯೇ? ಬರುವುದಿಲ್ಲವೆಂದು ಅವರು ಒಪ್ಪಿಕೊಂಡರು. ಜನರಿಗೆ ಬೇಕಾದದ್ದು ಕೆಲಸವೇ ಹೊರತು ಭಾಷೆಯಲ್ಲ ಎಂಬರ್ಥದ ಉತ್ತರ ಕೊಟ್ಟರು. ಕೆನಡಾದಲ್ಲಿ ಇಂಗ್ಲಿಷ್ ಮತ್ತು ಫ್ರೆಂಚ್ ಎರಡೂ ಅಧಿಕೃತ ಭಾಷೆಗಳು. 1969ರ ಕಾಯಿದೆ ಅವೆರಡಕ್ಕೂ ಸಮಾನ ಸ್ಥಾನ ಕೊಟ್ಟಿದೆ. ಕ್ವಿಬೆಕ್ ಪ್ರಾಂತದ ಜನರಿಗೆ ಫ್ರೆಂಚ್ ಬಾರದ ಪ್ರಧಾನಿಯೆಂದರೆ ತಮ್ಮ ಮಾತನ್ನು ದುಭಾಷಿಯ ಮೂಲಕ ಕೇಳುವ ಪ್ರಧಾನಿ. ಈ ಉತ್ತರಕ್ಕೆ ಟೀಕೆ ಬಂದಿತು. ಕೆಲವು ದಿನಗಳಲ್ಲಿಯೇ ಪಕ್ಷ ಅವರಿಗೆ ನಾಯಕತ್ವದ ಸ್ಪರ್ಧೆಗೆ ಅನುಮತಿ ನಿರಾಕರಿಸಿತು. ಮಾರ್ಚ್‌ನಲ್ಲಿ ನೆಪಿಯನ್ ಕ್ಷೇತ್ರದ ಉಮೇದುವಾರಿಕೆಯನ್ನೂ ಹಿಂತೆಗೆದುಕೊಂಡಿತು. ಆ ಕ್ಷೇತ್ರದಿಂದ ಮಾರ್ಕ್ ಕಾರ್ನಿ ಸ್ಪರ್ಧಿಸಿ ಗೆದ್ದರು. ಪಕ್ಷದ ಈ ನಿರ್ಧಾರಗಳಿಗೆ ಭಾಷೆಯೇ ಕಾರಣವೆಂದು ಹೇಳಲು ಆಧಾರವಿಲ್ಲ. ನಮ್ಮ ಅಧ್ಯಯನಕ್ಕೆ ಮುಖ್ಯವಾದದ್ದು ಆ ಪ್ರಶ್ನೋತ್ತರ.

ಕನ್ನಡಾಭಿಮಾನಿಗಳಾದ ನಾವು ಈ ಪ್ರಸಂಗದಲ್ಲಿ ಯಾರ ಪಕ್ಷ ವಹಿಸಬೇಕು? ಒಟ್ಟಾವಾದಲ್ಲಿ ಕನ್ನಡ ಕೇಳಿ ಕಣ್ಣು ತುಂಬಿಕೊಂಡವರು ಕ್ವಿಬೆಕ್ ಜನರ ಪ್ರಶ್ನೆಯನ್ನು ಅನ್ಯಾಯವೆನ್ನಲಾರರು. ಬೆಂಗಳೂರಿಗೆ ಬಂದ ಅಧಿಕಾರಿಗೆ ಕನ್ನಡ ಬರಬೇಕೆಂದು ನಾವು ಕೇಳುವುದಿಲ್ಲವೇ? ಮುಂಬಯಿಯ ಕಚೇರಿಯಲ್ಲಿ ಮರಾಠಿ ಬೇಕೆಂದು ಮರಾಠಿ ಜನ ಕೇಳುವುದಿಲ್ಲವೇ? ಭಾಷೆಗೆ ಸಾರ್ವಜನಿಕ ಜೀವನದಲ್ಲಿ ಎರಡು ಪಾತ್ರಗಳಿವೆ. ಒಂದು ನೆನಪಿನದು, ಇನ್ನೊಂದು ಆಡಳಿತದ್ದು. ತವರಿನ ಭಾಷೆಯನ್ನು ಆಡಿ ತೋರಿಸುವುದು ನೆನಪಿನ ಕಾರ್ಯ. ನೆಲದ ಭಾಷೆಯನ್ನು ಕಲಿಯುವುದು ಆಡಳಿತದ ಹೊಣೆ. ಮೊದಲನೆಯದನ್ನು ಎಷ್ಟು ಚೆನ್ನಾಗಿ ನೆರವೇರಿಸಿದರೂ ಎರಡನೆಯದು ತೀರುವುದಿಲ್ಲ.

ಮಂಗಳೂರು, ಮುಂಬಯಿ, ಮುಜಫ್ಫರಪುರ

ಎರಡನೆಯ ಹೊಣೆಯನ್ನು ಮೊದಲು ಹೊತ್ತವರ ನಿದರ್ಶನ ಜಾರ್ಜ್ ಫರ್ನಾಂಡಿಸ್. 1930ರಲ್ಲಿ ಮಂಗಳೂರಿನ ಕೊಂಕಣಿ ಮಾತಿನ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿ, ಪಾದ್ರಿಯಾಗಲೆಂದು ಬೆಂಗಳೂರಿನ ಸೆಮಿನರಿಗೆ ಸೇರಿ, ಅದನ್ನು ಬಿಟ್ಟು 1949ರಲ್ಲಿ ಮುಂಬಯಿಗೆ ಬಂದರು. ನಗರಸಭೆಯ ಕಾಮಗಾರರು, ಟ್ಯಾಕ್ಸಿ ಚಾಲಕರು ಮೊದಲಾದವರ ಸಂಘಟನೆಯಲ್ಲಿ ಬೆಳೆದರು. ಕೊಂಕಣಿ, ತುಳು, ಕನ್ನಡ, ಮರಾಠಿ, ಹಿಂದಿ, ಇಂಗ್ಲಿಷ್ ಸೇರಿ ಸುಮಾರು ಹತ್ತು ಭಾಷೆಗಳ ಬಳಕೆ ಅವರಿಗಿತ್ತು.

1967ರ ಲೋಕಸಭಾ ಚುನಾವಣೆಯಲ್ಲಿ ದಕ್ಷಿಣ ಮುಂಬಯಿಯಿಂದ ಅವರು ಎದುರಿಸಿದ್ದು ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರನ್ನು. ಪಾಟೀಲರು ಆಗ ಕೇಂದ್ರದ ರೈಲ್ವೆ ಸಚಿವರು, ಮೂರು ಸಲ ಮುಂಬಯಿಯ ಮೇಯರ್ ಆಗಿದ್ದವರು, ಕೊಂಕಣ ಸೀಮೆಯ ಮರಾಠಿಗರು. ಕಾಲವನ್ನೂ ಗಮನಿಸಬೇಕು. ಹಿಂದಿನ ವರ್ಷ, 1966ರ ಜೂನ್ 19ರಂದು, ಶಿವಸೇನೆ ಸ್ಥಾಪನೆಯಾಗಿತ್ತು. ನೌಕರಿಗಳಲ್ಲಿ ದಕ್ಷಿಣ ಭಾರತೀಯರ ವಿರುದ್ಧ ಅದರ ಕೂಗು ಎದ್ದಿತ್ತು. ಅಂಥ ಹೊತ್ತಿನಲ್ಲಿ ಮಂಗಳೂರಿನಿಂದ ಬಂದವರು ಮುಂಬಯಿಯಲ್ಲಿ ಬೇರೂರಿದ್ದ ನಾಯಕನನ್ನು ಸೋಲಿಸಿದರು. ಸಂಯುಕ್ತ ಮಹಾರಾಷ್ಟ್ರದ ಚಳವಳಿಯ ಕಾಲದಲ್ಲಿ ಮುಂಬಯಿಯನ್ನು ಮಹಾರಾಷ್ಟ್ರಕ್ಕೆ ಸೇರಿಸುವುದನ್ನು ಪಾಟೀಲರು ವಿರೋಧಿಸಿದ್ದರು ಎಂಬುದೂ ನೆನಪಿರಲಿ. ಮರಾಠಿ ನೆಲದಲ್ಲಿ ಹುಟ್ಟಿದ ಮಾತ್ರಕ್ಕೆ 'ಆಪಣ' ಎಂಬ ಅಧಿಕಾರ ಶಾಶ್ವತವಾಗಿ ಉಳಿಯಲಿಲ್ಲ. ಹೊರಗಿನಿಂದ ಬಂದವರಿಗೆ ಆ ಅಧಿಕಾರ ಮುಚ್ಚಿಯೂ ಇರಲಿಲ್ಲ.

ಫರ್ನಾಂಡಿಸರ 'ನಾವು' ಎಂದರೆ ದುಡಿಯುವವರು. 1977ರಲ್ಲಿ ಸೆರೆಮನೆಯಲ್ಲಿದ್ದುಕೊಂಡೇ ಅವರು ಬಿಹಾರದ ಮುಜಫ್ಫರಪುರದಿಂದ ಗೆದ್ದರು. ಹುಟ್ಟಿದ ಊರಿನ ಗುರುತು ಅಲ್ಲಿ ಯಾವ ಉಪಯೋಗಕ್ಕೂ ಬರುವಂತಿರಲಿಲ್ಲ. ತುರ್ತು ಪರಿಸ್ಥಿತಿಯನ್ನು ಎದುರಿಸಿದ ಬಂದಿ ಎಂಬ ಗುರುತು ಬಂದಿತು. ಹಾಗೆಂದು ತವರನ್ನು ಅವರು ಮರೆತರೆನ್ನುವಂತಿಲ್ಲ. 1989ರ ಕೊನೆಯಲ್ಲಿ ರೈಲ್ವೆ ಸಚಿವರಾದಾಗ ಕೊಂಕಣ ರೈಲ್ವೆ ಯೋಜನೆಗೆ ಅವರು ಚಾಲನೆ ಕೊಟ್ಟರು. 1990ರಲ್ಲಿ ಅದಕ್ಕಾಗಿ ನಿಗಮ ಸ್ಥಾಪನೆಯಾಗಿ, ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿಲೋಮೀಟರ್ ಉದ್ದದ ಮಾರ್ಗ 1998ರಲ್ಲಿ ಪೂರ್ತಿಯಾಗಿ ತೆರೆಯಿತು. ತವರಿನ ಪ್ರೀತಿಯನ್ನು ಮೂರು ರಾಜ್ಯಗಳ ಜನ ಬಳಸುವ ಹಳಿಯನ್ನಾಗಿ ಮಾಡಿದ್ದು 'ಆಮ್ಹೀ'ಯನ್ನು 'ಆಪಣ'ಕ್ಕೆ ತಿರುಗಿಸಿದ ಅಪೂರ್ವ ನಿದರ್ಶನ.

ಈರೋಡಿನ ಕನ್ನಡ ಮನೆ

ವಲಸಿಗನ ಗುರುತು ಎಷ್ಟು ತಲೆಮಾರಿನವರೆಗೆ ಅಂಟಿಕೊಂಡಿರುತ್ತದೆ? ಈ ಪ್ರಶ್ನೆಗೆ ತಮಿಳುನಾಡಿನ ಪೆರಿಯಾರ್ ಈ.ವೆ. ರಾಮಸ್ವಾಮಿ ಅವರ ಬದುಕು ಉತ್ತರ ಕೊಡುತ್ತದೆ. 1879ರಲ್ಲಿ ಈರೋಡಿನ ಕನ್ನಡ ಮಾತಿನ ಬಲಿಜ ವ್ಯಾಪಾರಿ ಕುಟುಂಬದಲ್ಲಿ ಅವರು ಹುಟ್ಟಿದರು. ಕನ್ನಡ, ತೆಲುಗು, ತಮಿಳು ಮೂರೂ ಅವರಿಗೆ ಬರುತ್ತಿದ್ದವು. ಈರೋಡು ಪುರಸಭೆಯ ಅಧ್ಯಕ್ಷರಾಗಿ ಸಾರ್ವಜನಿಕ ಜೀವನದಲ್ಲಿ ಕೆಲಸ ಮಾಡಿದ ಅವರು ಮುಂದೆ ಚುನಾವಣೆಯ ಪದವಿಗಳಿಂದ ದೂರ ಉಳಿದರು; ಆದರೆ ಆ ರಾಜ್ಯದ ರಾಜಕಾರಣದ ದಿಕ್ಕನ್ನೇ ಬದಲಿಸಿದರು. 1938ರ ಹಿಂದಿ ವಿರೋಧಿ ಚಳವಳಿಯಲ್ಲಿ ತಮಿಳಿನ ಪರವಾಗಿ ಸೆರೆಮನೆಗೆ ಹೋದವರ ಮನೆಯಲ್ಲಿ ಆಡುತ್ತಿದ್ದ ಮಾತು ಕನ್ನಡ.

1944ರಲ್ಲಿ ಜಸ್ಟೀಸ್ ಪಕ್ಷ ಅವರ ನೇತೃತ್ವದಲ್ಲಿ ಹೊಸ ಹೆಸರು ಪಡೆದಾಗ ಆ ಹೆಸರು 'ದ್ರಾವಿಡರ್ ಕಳಗಂ' ಎಂದಾಯಿತು, 'ತಮಿಳರ್ ಕಳಗಂ' ಎಂದಾಗಲಿಲ್ಲ. ಈ ಆಯ್ಕೆಗೆ ಸೈದ್ಧಾಂತಿಕ ಕಾರಣಗಳು ಅನೇಕ. ನಮ್ಮ ದೃಷ್ಟಿಯಿಂದ ಕಾಣುವ ಒಂದು ಅಂಶವೆಂದರೆ, 'ದ್ರಾವಿಡ' ಎಂಬ ವರ್ತುಲದಲ್ಲಿ ಮನೆಯ ಕನ್ನಡಕ್ಕೂ ಬೀದಿಯ ತಮಿಳಿಗೂ ಸ್ಥಳವಿತ್ತು. ಚಿಕ್ಕ ವರ್ತುಲದ ಹೊರಗೆ ಉಳಿಯಬಹುದಾದವನು ದೊಡ್ಡ ವರ್ತುಲವನ್ನು ಎಳೆಯುವ ಕ್ರಮ ಇದು. ಆದರೂ ಅವರ ವಿರೋಧಿಗಳಾದ ಕೆಲವು ತಮಿಳು ರಾಷ್ಟ್ರವಾದಿಗಳು ಅವರು ತೀರಿಹೋಗಿ ಅರ್ಧ ಶತಮಾನ ಕಳೆದ ಮೇಲೆಯೂ 'ಕನ್ನಡಿಗ' ಎಂಬ ಮಾತನ್ನು ಬೈಗುಳಿನಂತೆ ಬಳಸುವುದುಂಟು. ವಿಚಾರಕ್ಕೆ ಉತ್ತರ ಸಿಗದಾಗ ಮನೆಮಾತನ್ನು ಹುಡುಕಿ ತೆಗೆಯುವುದು ಎಲ್ಲ ನಾಡುಗಳ ವಾದವಿವಾದದಲ್ಲಿಯೂ ಕಾಣುವ ಹಳೆಯ ಉಪಾಯ.

ಗಡಿ ಸರಿದಾಗ

ಮೇಲಿನವರೆಲ್ಲ ಊರು ಬಿಟ್ಟವರು, ಅಥವಾ ಊರು ಬಿಟ್ಟವರ ವಂಶದವರು. ನಮ್ಮ ಸೀಮೆಯ ಸ್ಥಿತಿ ಬೇರೆ. ಕೊಲ್ಹಾಪುರದಲ್ಲಿ ಶಿಲಾಹಾರರ ಕಾಲದ ಕನ್ನಡ ಶಾಸನಗಳಿವೆ. ಶಿರೋಳ ತಾಲೂಕಿನ ಖಿದ್ರಾಪುರದ ಕೋಪೇಶ್ವರ ದೇವಾಲಯದಲ್ಲಿಯೂ ಕನ್ನಡ ಶಾಸನಗಳಿವೆ. ಗಡಹಿಂಗ್ಲಜ ಸೀಮೆಯ ಹಳ್ಳಿಗಳಲ್ಲಿ ಕನ್ನಡ ಆಡುವವರು ಎಲ್ಲಿಂದಲೋ ಬಂದವರಲ್ಲ. ಅವರ ಮೇಲೆ ಆಡಳಿತದ ಗೆರೆ ಬದಲಾಗುತ್ತ ಬಂದಿತು: 1949ರಲ್ಲಿ ಕೊಲ್ಹಾಪುರ ಸಂಸ್ಥಾನ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು, 1956ರಲ್ಲಿ ರಾಜ್ಯ ಪುನರ್ವಿಂಗಡಣೆ ನಡೆಯಿತು, 1960ರಲ್ಲಿ ಮಹಾರಾಷ್ಟ್ರ ಹುಟ್ಟಿತು. ಹೀಗೆ ನೆಲ ಬಿಡದವರನ್ನು ವಲಸಿಗರೆಂದು ಕರೆಯುವುದು ತಪ್ಪು. ಆದರೂ ಅಲ್ಪಸಂಖ್ಯಾತ ಭಾಷಿಕನೊಬ್ಬ ರಾಜಕಾರಣಕ್ಕೆ ಇಳಿದಾಗ ಎದುರಿಸುವ ಪ್ರಶ್ನೆ ವಲಸಿಗನ ಪ್ರಶ್ನೆಯನ್ನೇ ಹೋಲುತ್ತದೆ.

ಕಾಸರಗೋಡು ಇದಕ್ಕೆ ಒಳ್ಳೆಯ ನಿದರ್ಶನ. ಕವಿ ಕಯ್ಯಾರ ಕಿಞ್ಞಣ್ಣ ರೈ ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಜೀವನವಿಡೀ ಹೋರಾಡಿದರು. ಅದೇ ಕಯ್ಯಾರರು ಕೇರಳ ರಾಜ್ಯದೊಳಗಿನ ಬದಿಯಡ್ಕ ಪಂಚಾಯತಿಯ ಅಧ್ಯಕ್ಷರಾಗಿಯೂ ದುಡಿದರು. ಗೆರೆಯ ಬಗ್ಗೆ ಭಿನ್ನಾಭಿಪ್ರಾಯವಿಟ್ಟುಕೊಂಡೇ ಗೆರೆಯೊಳಗಿನ ಜನರ ಸೇವೆ ಮಾಡಬಹುದೆಂಬುದನ್ನು ಅವರ ಬದುಕು ತೋರಿಸಿತು. 2021ರ ಮೇ ತಿಂಗಳಲ್ಲಿ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ಸ್ವೀಕರಿಸಿದರು. ಮಂಜೇಶ್ವರ ತುಳು, ಮಲಯಾಳ, ಬ್ಯಾರಿ, ಕೊಂಕಣಿ, ಕನ್ನಡಗಳು ಬೆರೆತ ಕ್ಷೇತ್ರ. ಅಲ್ಲಿಯ ಪ್ರಮಾಣವಚನದ ಭಾಷೆಯನ್ನು ಶಾಸಕರ ಮನೆಮಾತಿನ ಘೋಷಣೆಯೆಂದು ಓದಬೇಕಾಗಿಲ್ಲ. ತನ್ನ ಕ್ಷೇತ್ರದ ಕನ್ನಡಿಗರನ್ನು ಸಭೆಯೊಳಗೆ ಕರೆದುಕೊಂಡು ಬಂದ ಕ್ರಿಯೆಯೆಂದು ಓದಬೇಕು.

ಇಂಥ ಕ್ರಿಯೆಗಳಿಗೆ ಸಂವಿಧಾನದ ಆಧಾರವಿದೆ. 210ನೆಯ ವಿಧಿಯಂತೆ ರಾಜ್ಯದ ಅಧಿಕೃತ ಭಾಷೆಯಲ್ಲಾಗಲಿ, ಹಿಂದಿ, ಇಂಗ್ಲಿಷಿನಲ್ಲಾಗಲಿ ತನ್ನ ಅಭಿಪ್ರಾಯವನ್ನು ಸರಿಯಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ಕೊಡಬಹುದು. 350ನೆಯ ವಿಧಿ ಪ್ರತಿಯೊಬ್ಬನಿಗೂ ರಾಜ್ಯದಲ್ಲಿ ಅಥವಾ ಒಕ್ಕೂಟದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ತನ್ನ ಅಹವಾಲು ಸಲ್ಲಿಸುವ ಹಕ್ಕನ್ನು ಕೊಟ್ಟಿದೆ. 1956ರ ಏಳನೆಯ ತಿದ್ದುಪಡಿಯಿಂದ ಬಂದ 350ಎ ವಿಧಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆನ್ನುತ್ತದೆ. ಗಡಿನಾಡಿನ ಪ್ರತಿನಿಧಿಯ 'ನಾವು' ನಿಜವೋ ತೋರಿಕೆಯೋ ಎಂಬುದನ್ನು ಈ ವಿಧಿಗಳ ಬಳಕೆಯಲ್ಲಿ ಪರೀಕ್ಷಿಸಬಹುದು. ನವೆಂಬರ್ 1ರಂದು ಶಾಲು ಹೊದ್ದು ಕನ್ನಡದಲ್ಲಿ ಎರಡು ಮಾತಾಡುವುದು ಸುಲಭ. ಕನ್ನಡ ಶಾಲೆಯಲ್ಲಿ ಖಾಲಿ ಬಿದ್ದ ಶಿಕ್ಷಕರ ಜಾಗ ತುಂಬುವಂತೆ ಮರಾಠಿಯಲ್ಲಿ ಜಿಲ್ಲಾ ಪರಿಷತ್ತಿನ ಮುಂದೆ ವಾದಿಸುವುದು ಕಷ್ಟ. ಕನ್ನಡದ ಹಿತಕ್ಕೆ ಆಗ ಬೇಕಾಗುವುದು ಒಳ್ಳೆಯ ಮರಾಠಿ.

ಇನ್ನು ಇಚಲಕರಂಜಿ, ಕಬನೂರುಗಳನ್ನೇ ನೋಡೋಣ. ವಿಠ್ಠಲರಾವ್ ದಾತಾರರು 1904ರಲ್ಲಿ ಇಲ್ಲಿ ಮೊದಲ ಪಾವರ್‌ಲೂಮ್ ಹಾಕಿದ ಮೇಲೆ ಈ ಸೀಮೆ ದುಡಿಯುವವರನ್ನು ಎಲ್ಲ ದಿಕ್ಕುಗಳಿಂದಲೂ ಕರೆಯಿತು. ಕರ್ನಾಟಕದ ಜಿಲ್ಲೆಗಳಿಂದ, ಆಂಧ್ರದ ಕಡೆಯಿಂದ, ಇತ್ತೀಚೆಗೆ ಬಿಹಾರ, ಉತ್ತರ ಪ್ರದೇಶ, ಒಡಿಶಾಗಳಿಂದ ಜನ ಬಂದಿದ್ದಾರೆ. ಮಗ್ಗದ ಸದ್ದಿನ ನಡುವೆ ಎಲ್ಲರ ಮಾತೂ ಒಂದೇ ಎತ್ತರದ ಕೂಗು. ಇಲ್ಲಿ ಕನ್ನಡಿಗನಾದ ನೆಲದ ಮನುಷ್ಯ ತಾನು ಹೊರಗಿನವನಲ್ಲವೆಂದು ವಾದಿಸುತ್ತ, ಅದೇ ಉಸಿರಿನಲ್ಲಿ ಬಿಹಾರದ ಕಾಮಗಾರನನ್ನು ಹೊರಗಿನವನೆಂದು ಕರೆಯುವುದನ್ನು ಕೇಳಿದ್ದೇವೆ. ತನಗೆ ಬೇಕಾದ 'ಆಪಣ'ವನ್ನು ಇನ್ನೊಬ್ಬನಿಗೆ ನಿರಾಕರಿಸುವವನು ಹೊರಗಿನವನೆಂದು ಕರೆಸಿಕೊಳ್ಳುವ ನೋವಿನಿಂದ ಏನನ್ನೂ ಕಲಿಯಲಿಲ್ಲವೆನ್ನಬೇಕು.

ಓದುವ ಕ್ರಮ

ಸಾಹಿತ್ಯದ ವಿದ್ಯಾರ್ಥಿಗೆ ರಾಜಕಾರಣಿಯ ಭಾಷಣ, ಪ್ರಮಾಣವಚನ, ಆತ್ಮಕಥೆ, ಸಂದರ್ಶನಗಳೆಲ್ಲವೂ ಪಠ್ಯಗಳೇ. ಅವುಗಳನ್ನು ಓದುವಾಗ ಕೆಳಗಿನ ನಾಲ್ಕು ಅಂಶಗಳನ್ನು ಗಮನಿಸಬೇಕು.

ಒಂದು, ಕೇಳುಗ ಯಾರು? ಮರಾಠಿ ಆತ್ಮಕಥೆಯ ಕೇಳುಗನೂ ಡೆಟ್ರಾಯಿಟ್ ಪ್ರಚಾರದ ಕೇಳುಗನೂ ಬೇರೆ; ಆದ್ದರಿಂದ ಅವೆರಡರ ನಡುವಿನ ಅಂತರವನ್ನೇ ಕಪಟವೆಂದು ಕರೆಯಬಾರದು. ಒಂದರಲ್ಲಿ ಹೇಳಿದ್ದನ್ನು ಇನ್ನೊಂದರಲ್ಲಿ ಅಲ್ಲಗಳೆದರೆ ಮಾತ್ರ ಅದು ಕಪಟ.

ಎರಡು, ಭಾಷೆ ಇಲ್ಲಿ ನೆನಪಿನ ಕೆಲಸ ಮಾಡುತ್ತಿದೆಯೋ ಆಡಳಿತದ ಕೆಲಸವೋ? ಒಟ್ಟಾವಾದ ಕನ್ನಡವನ್ನೂ ಮಂಜೇಶ್ವರದ ಕನ್ನಡವನ್ನೂ ಒಂದೇ ತೂಕದಲ್ಲಿ ತೂಗಲಾಗದು. ಒಂದರ ಹಿಂದೆ ಮತದಾರರಿಲ್ಲ, ಇನ್ನೊಂದರ ಹಿಂದೆ ಇದ್ದಾರೆ.

ಮೂರು, ವರ್ತುಲವನ್ನು ಎಲ್ಲಿ ಎಳೆಯಲಾಗಿದೆ? ಬಡವರು, ದುಡಿಯುವವರು, ದ್ರಾವಿಡರು, ಗಡಿನಾಡಿಗರು ಎಂಬ ಪ್ರತಿಯೊಂದು ವರ್ತುಲವೂ ಕೆಲವರನ್ನು ಒಳಗೆ ತರುತ್ತದೆ, ಕೆಲವರನ್ನು ಹೊರಗಿಡುತ್ತದೆ. ಹೊರಗೆ ಉಳಿದವರು ಯಾರೆಂದು ಹೆಸರಿಸದೆ ವಿಮರ್ಶೆ ಪೂರ್ತಿಯಾಗುವುದಿಲ್ಲ.

ನಾಲ್ಕು, ಮಾತಿನ ಬಳಿಕ ಏನಾಯಿತು? ಹಳಿ ಬಿದ್ದಿತೇ, ಶಾಲೆ ಉಳಿಯಿತೇ, ಅಹವಾಲಿಗೆ ಉತ್ತರ ಬಂದಿತೇ? ಅದನ್ನು ಕೇಳದೆ ಉಚ್ಚಾರಣೆಯನ್ನಷ್ಟೇ ಮೆಚ್ಚುವ ಓದುಗನನ್ನು ಮೆಚ್ಚಿಸುವುದು ರಾಜಕಾರಣಿಗೆ ಬಹಳ ಸುಲಭ.

ನಿಮ್ಮಲ್ಲಿ ಕೆಲವರು ನಾಳೆ ಗ್ರಾಮ ಪಂಚಾಯತಿಯ ಚುನಾವಣೆಗೆ ನಿಲ್ಲಬಹುದು, ಶಿಕ್ಷಕರಾಗಬಹುದು, ಕಚೇರಿಯ ಕಿಟಕಿಯ ಆಚೆ ಕುಳಿತು ಅರ್ಜಿ ಸ್ವೀಕರಿಸಬಹುದು. ನೀನು ಯಾವ ಕಡೆಯವನು ಎಂದು ನಿಮ್ಮನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಎರಡು ಭಾಷೆ ಬಲ್ಲವನಿಗೆ ಆ ಪ್ರಶ್ನೆಗೆ ಎರಡೂ ಭಾಷೆಗಳಲ್ಲಿ ಉತ್ತರಿಸುವ ಶಕ್ತಿ ಇದೆ. ಆ ಉತ್ತರದಲ್ಲಿ ಕೇಳಿದವನಿಗೂ ಒಂದು ಎಲೆ ಹಾಕಿರಬೇಕು.

ಅಭ್ಯಾಸಕ್ಕೆ

1. ನಿಮ್ಮ ಊರಿನ ಇತ್ತೀಚಿನ ಚುನಾವಣೆಯ ಕರಪತ್ರಗಳನ್ನು ಕನ್ನಡ, ಮರಾಠಿ ಎರಡರಲ್ಲಿಯೂ ಸಂಗ್ರಹಿಸಿರಿ. ಮರಾಠಿ ಪ್ರತಿಯಲ್ಲಿ 'ಆಮ್ಹೀ' ಎಷ್ಟು ಸಲ, 'ಆಪಣ' ಎಷ್ಟು ಸಲ ಬಂದಿದೆ ಎಂದು ಎಣಿಸಿ, ಕನ್ನಡ ಪ್ರತಿಯೊಡನೆ ಹೋಲಿಸಿರಿ.

2. 'ವಲಸಿಗ' ಮತ್ತು 'ಗಡಿನಾಡಿಗ' ಎಂಬ ಶಬ್ದಗಳ ಅರ್ಥವ್ಯತ್ಯಾಸವನ್ನು ಈ ಲೇಖನದ ಉದಾಹರಣೆಗಳ ಆಧಾರದಿಂದ ವಿವರಿಸಿರಿ.

3. ತುಳು, ತಮಿಳು, ತೆಲುಗು ಭಾಷೆಗಳಲ್ಲಿರುವ ಎರಡು ಬಗೆಯ 'ನಾವು' ಇಂದಿನ ಕನ್ನಡದಲ್ಲಿ ಇಲ್ಲದಿರುವುದರಿಂದ ಅರ್ಥಸಂದೇಹ ಉಂಟಾಗುವ ಐದು ವಾಕ್ಯಗಳನ್ನು ರಚಿಸಿರಿ. ಪ್ರತಿಯೊಂದನ್ನೂ ಮರಾಠಿಗೆ ಎರಡು ರೀತಿಯಿಂದ ಅನುವಾದಿಸಿರಿ.

4. ಪ್ರಧಾನಿಯ ಸ್ಥಾನ ಬಯಸಿದ, ಫ್ರೆಂಚ್ ಬಾರದ ಅಭ್ಯರ್ಥಿಯನ್ನು ಕ್ವಿಬೆಕ್ ಜನ ಪ್ರಶ್ನಿಸುವುದು ನ್ಯಾಯವೇ? ನಿಮ್ಮ ನಿಲುವನ್ನು ಮಹಾರಾಷ್ಟ್ರದ ಕನ್ನಡಿಗರ ಸ್ಥಿತಿಗೂ ಕರ್ನಾಟಕದ ಮರಾಠಿಗರ ಸ್ಥಿತಿಗೂ ಅನ್ವಯಿಸಿ ಚರ್ಚಿಸಿರಿ.